ಗೃಹಾರೋಗ್ಯ ಚಿಂತನ: ಸಾಕ್ಷಿ ಬೇರೆ, ಕಾವಲು ಬೇರೆ

ಒಮ್ಮೆ ಬಂದು ಹೋದ ಅಮ್ಮ ಅದೇ ಮೈಗೆ ಮತ್ತೆ ಬರುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸಿಡುಬನ್ನು ಸಿಡುಬೆಂದು ಹೆಸರಿಸಲು ಜನರು ಅಂಜುತ್ತಿದ್ದ ಕಾಲವದು. ಬೇವಿನ ಸೊಪ್ಪು ಕಟ್ಟಿದ ಮನೆಯೊಳಗೆ ರೋಗಿಯ ಬಳಿ ಕುಳಿತು ಉಪಚರಿಸತಕ್ಕವರು ಯಾರೆಂಬ ಪ್ರಶ್ನೆ ಬಂದಾಗ, ಮುಖದಲ್ಲಿ ಹಳೆಯ ಕಲೆಗಳುಳ್ಳ ಅಜ್ಜಿಯನ್ನೋ ಸೋದರತ್ತೆಯನ್ನೋ ಕರೆಯಿಸುತ್ತಿದ್ದರು. ಆಕೆ ನಿರ್ಭಯವಾಗಿ ಬಂದು ಕುಳಿತುಕೊಳ್ಳುತ್ತಿದ್ದಳು. ಆಕೆಗೆ ಏನೂ ಆಗುತ್ತಲೂ ಇರಲಿಲ್ಲ. ತಲೆತಲಾಂತರದಿಂದ ಕಣ್ಣಾರೆ ಕಂಡು ಕಟ್ಟಿದ ಮಾತು ಇದು, ಮೂಢನಂಬಿಕೆಯೆಂದು ತಳ್ಳಿಹಾಕತಕ್ಕದ್ದಲ್ಲ. ಆದರೆ ಒಂದು ರೋಗದ ವಿಷಯದಲ್ಲಿ ನಿಜವಾದುದನ್ನು ಎಲ್ಲ ರೋಗಗಳಿಗೂ ಹೊಂದಿಸಹೊರಟರೆ ಮನೆಗೆ ಅನರ್ಥವೊದಗುವುದುಂಟು. ಈ ತಿಂಗಳು ನಾವು ವಿಚಾರಿಸಬೇಕೆಂದಿರುವುದು ಅಂತಹ ಒಂದು ಅನರ್ಥವನ್ನೇ.

ಕೋಲಾರದ ಚಿನ್ನದ ಗಣಿಯ ಕಡೆಯಿಂದ ಗೃಹಿಣಿಯೊಬ್ಬರು ನಮಗೆ ಕಾಗದ ಬರೆದಿರುವರು. ಹೆಸರನ್ನೂ ಬೀದಿಯನ್ನೂ ನಾವು ಹೇಳುವುದಿಲ್ಲ. ಆಕೆಯೂ ಆಕೆಯ ಯಜಮಾನರೂ ಎಚ್.ಐ.ವಿ. ಸೋಂಕುಳ್ಳವರು. ಕೆಲವು ವರ್ಷಗಳಿಂದ ಇಬ್ಬರೂ ಸರ್ಕಾರದ ಆಸ್ಪತ್ರೆಯ ಮಾತ್ರೆಯನ್ನು ಸೇವಿಸುತ್ತ ಸುಖವಾಗಿಯೇ ಇದ್ದರು. ಯಜಮಾನರು ದಿನವೂ ಬೆಳಗಿನ ರೈಲಿನಲ್ಲಿ ಮಾರಿಕುಪ್ಪದಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುವವರು. ಈಚೆಗೆ ಅವರು ಮಾತ್ರೆಯನ್ನು ಎರಡು ದಿನ ತೆಗೆದುಕೊಂಡರೆ ನಾಲ್ಕು ದಿನ ಬಿಡುತ್ತಾರೆ. ಕಾಂಡೋಮನ್ನೂ ಬೇಡವೆನ್ನುತ್ತಾರೆ. ಕೇಳಿದರೆ ಅವರ ಉತ್ತರ ಇದು: “ಇಬ್ಬರಿಗೂ ಇರುವುದು ಒಂದೇ ರೋಗ. ರಕ್ತದಲ್ಲಿ ಆಂಟಿಬಾಡಿ ಹುಟ್ಟಿದೆಯೆಂದು ಚೀಟಿಯೇ ಹೇಳುತ್ತದೆ. ಬಂದದ್ದು ಮತ್ತೆ ಬಂದೀತೆ? ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು?” ಇದು ನಿಜವೇ, ತಾನು ಸುಮ್ಮನಿರಬಹುದೇ ಎಂದು ಆ ತಾಯಿ ಕೇಳಿರುವರು.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂತಹ ವಿಷಯವನ್ನು ಎತ್ತಬಹುದೇ ಎಂದು ಕೆಲವರು ಆಕ್ಷೇಪಿಸಬಹುದು. ಮನೆಯೊಳಗೆ ಇರುವ ಕಷ್ಟವನ್ನು ಮನೆಯ ಪತ್ರಿಕೆಯಲ್ಲಲ್ಲದೆ ಮತ್ತೆಲ್ಲಿ ವಿಚಾರಿಸುವುದು? ನಾಚಿಕೆಯಿಂದ ಬಾಯಿ ಮುಚ್ಚಿಕೊಂಡದ್ದರಿಂದ ಯಾವ ರೋಗವೂ ವಾಸಿಯಾದುದನ್ನು ನಾವು ಕಂಡಿಲ್ಲ. ನಾವು ವೈದ್ಯರಲ್ಲ, ಪಾಠ ಹೇಳಿ ನಿವೃತ್ತರಾದವರು. ಆದುದರಿಂದ ಔಷಧವನ್ನು ಗೊತ್ತುಮಾಡುವ ಕೆಲಸವನ್ನು ವೈದ್ಯರಿಗೇ ಬಿಟ್ಟು, ಆ ಯಜಮಾನರ ತರ್ಕದಲ್ಲಿ ದೋಷವೆಲ್ಲಿದೆಯೆಂಬುದನ್ನು ಮಾತ್ರ ಬಿಡಿಸಿ ತೋರಿಸುತ್ತೇವೆ.

ಮೊದಲು, ಆಂಟಿಬಾಡಿಯೆಂದರೇನು? ಇದನ್ನು ನಮ್ಮ ಭಾಷೆಯಲ್ಲಿ ಪ್ರತಿಕಾಯವೆನ್ನುವರು. ಪರಕೀಯವಾದ ಒಂದು ಕಾಯ ದೇಹವನ್ನು ಹೊಕ್ಕಾಗ ಅದಕ್ಕೆ ಪ್ರತಿಯಾಗಿ ನಮ್ಮ ರಕ್ತ ಹುಟ್ಟಿಸುವ ಪ್ರೋಟೀನು ಅದು. ಬಿಳಿಯ ರಕ್ತಕಣಗಳಲ್ಲಿ ಒಂದು ವರ್ಗದವು ಇದನ್ನು ತಯಾರಿಸುತ್ತವೆ. ಬೀಗಕ್ಕೆ ತಕ್ಕ ಕೀಲಿಯಂತೆ, ಒಳಹೊಕ್ಕ ರೋಗಾಣುವಿನ ಮೈಯ ಒಂದು ಭಾಗಕ್ಕೆ ಸರಿಯಾಗಿ ಕೂಡುವ ಆಕಾರ ಪ್ರತಿಕಾಯಕ್ಕೆ ಇರುತ್ತದೆ. ಕೂಡಿದ ಮೇಲೆ ಆ ರೋಗಾಣು ನಮ್ಮ ಕಣಗಳನ್ನು ಹೊಗಲಾರದಂತೆ ತಡೆಯಲ್ಪಡಬಹುದು. ಮೊದಲ ಸಲ ಇದನ್ನು ತಯಾರಿಸಲು ದೇಹಕ್ಕೆ ಕೆಲವು ದಿನಗಳೋ ವಾರಗಳೋ ಹಿಡಿಯುತ್ತವೆ. ಅಷ್ಟರಲ್ಲಿ ರೋಗ ಬಂದು ಬಾಧಿಸುತ್ತದೆ. ಆದರೆ ದೇಹ ಆ ವಿದ್ಯೆಯನ್ನು ಮರೆಯದು. ಅದೇ ರೋಗಾಣು ಮತ್ತೆ ಬಂದರೆ ಕೂಡಲೇ ಎದ್ದು ನಿಲ್ಲುತ್ತದೆ.

ಈ ನೆನಪು ಎಷ್ಟು ದೀರ್ಘವಾದುದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಪ್ರಸಿದ್ಧವಾದ ಒಂದು ದೃಷ್ಟಾಂತವುಂಟು. ಅಟ್ಲಾಂಟಿಕ್ ಸಾಗರದ ಉತ್ತರದಲ್ಲಿ ಫೆರೋ ಎಂಬ ದ್ವೀಪಗಳಿವೆ. ಅಲ್ಲಿ ೧೭೮೧ರಲ್ಲಿ ದಡಾರ ಹಬ್ಬಿತ್ತು. ಅನಂತರ ಅರುವತ್ತೈದು ವರ್ಷಗಳವರೆಗೆ ಆ ರೋಗ ಅತ್ತ ಸುಳಿಯಲಿಲ್ಲ. ೧೮೪೬ರಲ್ಲಿ ಮತ್ತೆ ಬಂದಾಗ ದ್ವೀಪದ ಬಹುಪಾಲು ಜನ ಹಾಸಿಗೆ ಹಿಡಿದರು. ಪರೀಕ್ಷಿಸಲು ಹೋದ ಪಾನುಮ್ ಎಂಬ ಡೇನಿಷ್ ತರುಣವೈದ್ಯನು ಒಂದು ಸೋಜಿಗವನ್ನು ಕಂಡನು. ಬಾಲ್ಯದಲ್ಲಿ, ೧೭೮೧ರಲ್ಲಿ, ದಡಾರವನ್ನು ಅನುಭವಿಸಿದ್ದ ವೃದ್ಧರಲ್ಲಿ ಒಬ್ಬರಿಗಾದರೂ ಅದು ಎರಡನೆಯ ಸಲ ಬರಲಿಲ್ಲ. ನಮ್ಮ ಅಜ್ಜಿಯರ ಮಾತಿಗೆ ಇದಕ್ಕಿಂತ ಉತ್ತಮವಾದ ಭಾಷ್ಯ ಬೇಕಿಲ್ಲ. ಸಿಡುಬನ್ನು ಲೋಕದಿಂದಲೇ ನಿರ್ಮೂಲ ಮಾಡಿದ್ದೂ ಈ ತತ್ತ್ವದಿಂದಲೇ. ದೇವಿ ಹಾಕುವುದೆಂದರೆ ರೋಗವನ್ನು ತಾರದೆ ರೋಗದ ನೆನಪನ್ನು ಮಾತ್ರ ದೇಹಕ್ಕೆ ಕೊಡುವುದು. ನಮ್ಮ ದೇಶದಲ್ಲಿ ಹುಟ್ಟಿದ ಕೊನೆಯ ಸಿಡುಬು ೧೯೭೫ರದು. ೧೯೮೦ರಲ್ಲಿ ಲೋಕವೆಲ್ಲ ಅದರಿಂದ ಮುಕ್ತವಾಯಿತೆಂದು ಸಾರಿದರು.

ಆದರೆ ಎಲ್ಲ ರೋಗಗಳೂ ದಡಾರದಂತಲ್ಲ. ನೆಗಡಿ ವರ್ಷಕ್ಕೆ ಎರಡು ಸಲ ಬರುವುದನ್ನು ಯಾರು ಕಾಣರು? ೨೦೨೦ರಲ್ಲಿ ಕೋವಿಡ್ ಅನುಭವಿಸಿದವರಲ್ಲಿ ಎಷ್ಟೋ ಮಂದಿ ಮುಂದಿನ ಒಂದೆರಡು ವರ್ಷಗಳಲ್ಲಿ ಮತ್ತೆ ಮಲಗಿದರು. ಡೆಂಗೆಯ ವಿಷಯವಂತೂ ಇನ್ನೂ ವಿಪರೀತ. ಅದರ ವೈರಾಣುವಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಆ ಬಗೆಯ ಭಯ ತಪ್ಪುತ್ತದೆ. ಆದರೆ ಬೇರೊಂದು ಬಗೆ ಬಂದರೆ, ಮೊದಲನೆಯದಕ್ಕಾಗಿ ಹುಟ್ಟಿದ ಪ್ರತಿಕಾಯಗಳೇ ಎರಡನೆಯದಕ್ಕೆ ಅನುಕೂಲವಾಗಿ ಜ್ವರ ಹೆಚ್ಚು ಕ್ರೂರವಾಗುವುದುಂಟು. ಹಾಗಾದರೆ ಪ್ರತಿಕಾಯ ಇದೆಯೆಂದು ಹೇಳಿದಮಾತ್ರಕ್ಕೆ ರಕ್ಷಣೆಯಿದೆಯೆಂದು ಸಿದ್ಧವಾಗುವುದಿಲ್ಲವಷ್ಟೆ. ಅದು ಯಾವ ರೋಗದ ಪ್ರತಿಕಾಯ, ಅದು ಏನು ಮಾಡಬಲ್ಲುದು ಎಂದು ಕೇಳಬೇಕಾಗುತ್ತದೆ.

ಎಚ್.ಐ.ವಿ.ಯ ಪ್ರತಿಕಾಯ ಏನು ಮಾಡಬಲ್ಲುದು? ಅದು ಅತ್ಯುತ್ತಮವಾದ ಸಾಕ್ಷಿ. ನಮ್ಮ ದೇಶದಲ್ಲಿ ಈ ರೋಗವುಂಟೆಂದು ಮೊದಲು ತಿಳಿದದ್ದೇ ಆ ಸಾಕ್ಷಿಯಿಂದ. ಆ ಕಥೆ ನಮ್ಮ ರೈಲುಮಾರ್ಗಕ್ಕೆ ಸೇರಿದುದು. ಬಂಗಾರಪೇಟೆಯಿಂದ ಮದರಾಸಿನ ಕಡೆಗೆ ಹೋಗುವವರು ಕುಪ್ಪಂ, ಜೋಲಾರಪೇಟೆಗಳನ್ನು ದಾಟಿ ಕಾಟ್ಪಾಡಿಯನ್ನು ಮುಟ್ಟುತ್ತಾರೆ. ಅಲ್ಲಿಳಿದರೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕಾಲೇಜಿನ ಆಸ್ಪತ್ರೆ. ದೊಡ್ಡ ಕಾಯಿಲೆಯೆಂದರೆ ಗಣಿಯ ಕಡೆಯ ಜನ ಮೊದಲಿನಿಂದಲೂ ಅಲ್ಲಿಗೆ ಹೋಗುವವರೇ. ಅತ್ತ ಮದರಾಸಿನ ವೈದ್ಯಕಾಲೇಜಿನಲ್ಲಿ ಸುನೀತಿ ಸೋಲೊಮನ್ ಎಂಬ ಪ್ರಾಧ್ಯಾಪಕರ ಬಳಿ ಸೆಲ್ಲಪ್ಪನ್ ನಿರ್ಮಲಾ ಎಂಬಾಕೆ ವ್ಯಾಸಂಗ ಮಾಡುತ್ತಿದ್ದರು. ಈ ರೋಗ ನಮ್ಮ ದೇಶಕ್ಕೆ ಬರಲಾರದೆಂದು ಬಹುಮಂದಿ ನಂಬಿದ್ದ ದಿನಗಳಲ್ಲಿ, ನಿರ್ಮಲಾ ಮದರಾಸಿನಲ್ಲಿ ಸಂಗ್ರಹಿಸಿದ ರಕ್ತದ ಮಾದರಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ರಾತ್ರಿಯ ರೈಲಿನಲ್ಲಿ ಕಾಟ್ಪಾಡಿಗೆ ಬಂದು ವೆಲ್ಲೂರಿನಲ್ಲಿ ಪರೀಕ್ಷಿಸಿದರು. ೧೯೮೬ರಲ್ಲಿ ಅವುಗಳಲ್ಲಿ ಆರು ಮಾದರಿಗಳು ಹಳದಿಯ ಬಣ್ಣಕ್ಕೆ ತಿರುಗಿದುವು. ಬಣ್ಣ ತಿರುಗಿತೆಂದರೆ ಆ ರಕ್ತದಲ್ಲಿ ಎಚ್.ಐ.ವಿ.ಯ ಪ್ರತಿಕಾಯವಿದೆಯೆಂದು ಅರ್ಥ. ಮರುಪರೀಕ್ಷೆಯಲ್ಲಿಯೂ ಅದು ಸ್ಥಿರಪಟ್ಟಿತು. ಆ ಪರೀಕ್ಷೆ ವೈರಾಣುವನ್ನು ಕಾಣಲಿಲ್ಲ. ವೈರಾಣುವನ್ನು ಕಂಡಿದ್ದ ಸಾಕ್ಷಿಯನ್ನು ಮಾತ್ರ ಕಂಡಿತು.

ಸಾಕ್ಷಿಯೆಂಬ ಪದಕ್ಕೆ ಕಣ್ಣಾರೆ ಕಂಡವನೆಂದು ಅರ್ಥ. ಕಳ್ಳನನ್ನು ಕಂಡವನು ಕಳ್ಳನನ್ನು ಹಿಡಿದವನಾಗಬೇಕೆಂಬ ನಿಯಮವಿಲ್ಲ. ಈ ಭೇದವನ್ನು ಮರೆತಲ್ಲಿ ಮೂರು ಬಗೆಯ ಭ್ರಾಂತಿಗಳು ಹುಟ್ಟುತ್ತವೆ. ಒಂದು: ಸಾಕ್ಷಿ ತಡವಾಗಿ ಬರಬಹುದು. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ, ಕೆಲವರಿಗೆ ಮೂರು ತಿಂಗಳವರೆಗೂ, ಪ್ರತಿಕಾಯದ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು. ಆದರೆ ಆಗಲೇ ರೋಗ ಇನ್ನೊಬ್ಬರಿಗೆ ಬಹು ಸುಲಭವಾಗಿ ಹರಡುತ್ತದೆ. ಎರಡು: ಸಾಕ್ಷಿ ಎರವಲು ಬಂದುದಾಗಿರಬಹುದು. ಸೋಂಕುಳ್ಳ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಮಗುವಿನ ರಕ್ತವನ್ನು ಸೇರಿ ಹದಿನೆಂಟು ತಿಂಗಳವರೆಗೂ ಉಳಿದಿರಬಲ್ಲವು. ಮಗುವಿಗೆ ರೋಗ ತಗುಲಿರದಿದ್ದರೂ ಆ ಪರೀಕ್ಷೆ ಉಂಟೆನ್ನುತ್ತದೆ. ಅದಕ್ಕಾಗಿಯೇ ಆರು ವಾರದ ಮಗುವಿಗೆ ವೈರಾಣುವನ್ನೇ ಹುಡುಕುವ ಬೇರೆ ಪರೀಕ್ಷೆಯನ್ನು ಮಾಡುವರು. ಇದನ್ನು ತಿಳಿಯದೆ ಕೂಸಿನ ಮೇಲಣ ಆಸೆಯನ್ನು ಬಿಟ್ಟು ಅತ್ತವರುಂಟು. ಮೂರು: ಸಾಕ್ಷಿ ಹೋಗುವುದೇ ಇಲ್ಲ. ಮಾತ್ರೆಯಿಂದ ವೈರಾಣು ರಕ್ತದಲ್ಲಿ ಕಾಣದಷ್ಟು ಅಡಗಿದ ಮೇಲೂ ಪ್ರತಿಕಾಯ ಹಾಗೆಯೇ ಇರುತ್ತದೆ. ಅದನ್ನು ಕಂಡು ಮಾತ್ರೆಯಿಂದ ಫಲವಿಲ್ಲವೆಂದು ಕೈಬಿಡುವವರೂ ಉಂಟು, ಪ್ರತಿಕಾಯವಿದ್ದ ಮೇಲೆ ಮಾತ್ರೆ ಏಕೆಂದು ಕೈಬಿಡುವವರೂ ಉಂಟು. ನಮ್ಮ ಪತ್ರಲೇಖಕಿಯ ಯಜಮಾನರು ಎರಡನೆಯ ಪಂಗಡದವರು.

ದಡಾರದ ಪ್ರತಿಕಾಯ ಕಾವಲುಗಾರನಾಗಿರುವಾಗ ಎಚ್.ಐ.ವಿ.ಯದು ಬರಿಯ ಸಾಕ್ಷಿಯಾಗಿ ನಿಂತುದೇಕೆ? ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳು. ಓಲೆಗರಿಯ ಗ್ರಂಥಗಳನ್ನು ಪ್ರತಿಮಾಡುವ ಲಿಪಿಕಾರರ ಕೈಯಲ್ಲಿ ಅಕ್ಷರಗಳು ತಪ್ಪುವುದನ್ನು ಸಂಸ್ಕೃತ ವ್ಯಾಸಂಗ ಮಾಡಿದವರೆಲ್ಲರೂ ಬಲ್ಲರು. ಒಂದೇ ಗ್ರಂಥಕ್ಕೆ ಊರೂರಿಗೊಂದು ಪಾಠಾಂತರ ಹುಟ್ಟುವುದು ಹಾಗೆಯೇ. ಎಚ್.ಐ.ವಿ.ಯೂ ಅಂತಹ ಒಬ್ಬ ಅಜಾಗರೂಕನಾದ ಲಿಪಿಕಾರ. ಅದರ ವಂಶಲೇಖ ಸುಮಾರು ಹತ್ತು ಸಾವಿರ ಅಕ್ಷರಗಳದು. ಮೂರು ನಾಲ್ಕು ಪ್ರತಿ ಮಾಡುವಷ್ಟರಲ್ಲಿ ಎಲ್ಲಿಯಾದರೂ ಒಂದು ಅಕ್ಷರ ತಪ್ಪುತ್ತದೆ. ಚಿಕಿತ್ಸೆಯಿಲ್ಲದ ದೇಹದಲ್ಲಿ ದಿನವೊಂದಕ್ಕೆ ಸಾವಿರ ಕೋಟಿಯ ಮಟ್ಟದಲ್ಲಿ ವೈರಾಣುಗಳು ಹುಟ್ಟುತ್ತವೆಂದು ಲೆಕ್ಕಹಾಕಿರುವರು. ಪ್ರತಿಕಾಯ ಇಂದಿನ ಬೀಗಕ್ಕೆ ಕೀಲಿಯನ್ನು ಅರೆದು ತರುವಷ್ಟರಲ್ಲಿ ಬೀಗವೇ ಬದಲಾಗಿರುತ್ತದೆ. ಇದು ಮೊದಲನೆಯ ಕಾರಣ. ಎರಡನೆಯದು ಅದರ ಹೊದಿಕೆ. ವೈರಾಣುವಿನ ಮೈಮೇಲೆ ಪ್ರತಿಕಾಯ ಹಿಡಿಯಬಹುದಾದ ಮುಳ್ಳುಗಳು ಹತ್ತು ಹದಿನೈದಕ್ಕಿಂತ ಹೆಚ್ಚಿಲ್ಲ; ಅವುಗಳಿಗೂ ನಮ್ಮ ದೇಹದ್ದೇ ಆದ ಸಕ್ಕರೆಯ ಕಣಗಳ ಮುಸುಕು. ಮನೆಯವರ ಬಟ್ಟೆಯನ್ನು ಹೊದ್ದ ಕಳ್ಳನನ್ನು ಮನೆಯ ನಾಯಿ ಗುರುತಿಸೀತೆ? ಮೂರನೆಯದು ಅದರ ಅಡಗುತಾಣ. ಅದು ತನ್ನ ವಂಶಲೇಖವನ್ನು ನಮ್ಮ ರಕ್ತಕಣಗಳ ವಂಶಲೇಖದೊಳಗೆ ಸೇರಿಸಿ ನಿದ್ರಿಸಬಲ್ಲುದು. ಅದೂ ಎಂತಹ ಕಣಗಳಲ್ಲಿ? ರೋಗಗಳೊಡನೆ ಕಾದುವುದಕ್ಕೆ ಉಳಿದ ಕಣಗಳಿಗೆ ಅಪ್ಪಣೆ ಕೊಡತಕ್ಕ ಕಣಗಳಲ್ಲಿಯೇ. ಪ್ರತಿಕಾಯ ಬರುವ ವೇಳೆಗೆ ಈ ಪ್ರವೇಶ ಮುಗಿದಿರುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇದು ಒಳಗಿರುವ ವೈರಾಣುವಿನ ಮಾತಾಯಿತು. ಹೊರಗಿನಿಂದ ಬರುವ ಎರಡನೆಯ ವೈರಾಣುವನ್ನಾದರೂ ಆ ಪ್ರತಿಕಾಯಗಳು ತಡೆಯಲಾರವೇ? ಪಂಡಿತರಲ್ಲಿಯೂ ಬಹುಕಾಲ ಈ ಆಸೆಯಿದ್ದಿತು. ೨೦೦೨ರಲ್ಲಿ ಅದಕ್ಕೆ ಪೆಟ್ಟು ಬಿದ್ದಿತು. ಅಮೆರಿಕದ ಬಾಸ್ಟನ್ ನಗರದಿಂದಲೂ ಸ್ವಿಟ್ಜರ್ಲೆಂಡಿನ ಜಿನೀವಾದಿಂದಲೂ ಒಂದೇ ವರ್ಷ ವರದಿಗಳು ಬಂದುವು. ಮೊದಲೇ ಸೋಂಕಿದ್ದವರಿಗೆ ಮತ್ತೊಬ್ಬರಿಂದ ಬೇರೊಂದು ಎಚ್.ಐ.ವಿ. ಬಂದು ಸೇರಿತ್ತು. ವಂಶಲೇಖಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ಇದನ್ನು ಸ್ಥಾಪಿಸಿದರು. ಇದಕ್ಕೆ ಮರುಸೋಂಕೆಂದು ಹೇಳಬಹುದು. ಆದರೆ ವಾಚಕರು ಒಂದು ವಿಶೇಷವನ್ನು ಗಮನಿಸಬೇಕು. ದಡಾರದಂತೆ ಮೊದಲನೆಯದು ಹೋಗಿ ಎರಡನೆಯದು ಬಂದುದಲ್ಲ. ಮೊದಲನೆಯದು ಇರುವಾಗಲೇ ಅದರ ಮೇಲೆ ಎರಡನೆಯದು.

ಹಾಗೆ ಎಷ್ಟು ಮಂದಿಗೆ ಆಗುತ್ತದೆ? ಕೀನ್ಯಾ ದೇಶದ ಮೊಂಬಾಸಾ ಬಂದರಿನಲ್ಲಿ ರೋಗಭಯ ಹೆಚ್ಚಾಗಿದ್ದ ಸ್ತ್ರೀಯರನ್ನು ಅನೇಕ ವರ್ಷಗಳು ಅನುಸರಿಸಿ ನೋಡಿದರು. ೨೦೧೩ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೋಂಕಿಲ್ಲದವರಿಗೆ ಮೊದಲ ಸೋಂಕು ತಗುಲುವ ಪ್ರಮಾಣಕ್ಕೆ ಹೋಲಿಸಿದರೆ ಸೋಂಕಿದ್ದವರಿಗೆ ಮತ್ತೊಂದು ತಗುಲುವ ಪ್ರಮಾಣ ಹೆಚ್ಚು ಕಡಿಮೆ ಅರ್ಧದಷ್ಟಿತ್ತು. ಉಗಾಂಡದ ರಾಕಾಯಿ ಪ್ರಾಂತದಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಶೋಧನೆಯಲ್ಲಿ ಇವೆರಡಕ್ಕೂ ಹೇಳಿಕೊಳ್ಳುವಂತಹ ಅಂತರವೇ ಕಾಣಲಿಲ್ಲ. ಇದ್ದ ಅಲ್ಪಸ್ವಲ್ಪ ರಕ್ಷಣೆಯಾದರೂ ಪ್ರತಿಕಾಯದ ಪುಣ್ಯವೇ ಎಂದು ಕೇಳಿದರೆ ಅಲ್ಲಿಯೂ ಒಮ್ಮತವಿಲ್ಲ. ೨೦೦೬ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದ ಶೋಧಕರು, ಮರುಸೋಂಕು ಹೊಂದಿದವರಲ್ಲಿ ಅದಕ್ಕೆ ಮುಂಚೆ ಪ್ರತಿಕಾಯದ ಬಲ ಕಡಮೆಯಿತ್ತೆಂದರು. ೨೦೦೮ರಲ್ಲಿ ಮೊಂಬಾಸಾದ ಸ್ತ್ರೀಯರ ರಕ್ತವನ್ನು ಪರೀಕ್ಷಿಸಿದವರು, ಪ್ರತಿಕಾಯದ ಬಲ ಚೆನ್ನಾಗಿಯೇ ಇದ್ದವರಿಗೂ ಮರುಸೋಂಕು ಬಂದಿದೆಯೆಂದರು. ಹೀಗೆ ಅರ್ಧ ಮುಚ್ಚಿದ ಬಾಗಿಲನ್ನು ಹಾಕಿದ ಬಾಗಿಲೆಂದು ನಂಬಿ ಯಾವ ಗೃಹಸ್ಥನು ಮಲಗಿಯಾನು?

ನೀರಿಗಿಳಿದವನಿಗೆ ಮಳೆಯೇನೆಂಬ ಗಾದೆಗೆ ಈಗ ಉತ್ತರ ಹೇಳಬಹುದು. ಮೊಣಕಾಲಿನವರೆಗೆ ನೀರಿನಲ್ಲಿ ನಿಂತವನಿಗೆ ಮಳೆಯ ಚಿಂತೆಯಿಲ್ಲದಿರಬಹುದು. ಮೇಲಣ ಕೆರೆಯ ಕಟ್ಟೆಯೊಡೆದರೆ ಚಿಂತೆಯುಂಟು. ಎರಡನೆಯ ವೈರಾಣು ಮೊದಲನೆಯದರ ನಕಲಾಗಿರಬೇಕಾಗಿಲ್ಲ. ಒಬ್ಬರು ಮಾತ್ರೆಯನ್ನು ಬಿಟ್ಟು ಬಿಟ್ಟು ತೆಗೆದುಕೊಂಡರೆ, ಆ ಅರೆಬರೆ ಔಷಧದ ನಡುವೆಯೇ ಬದುಕುವುದನ್ನು ಕಲಿತ ವೈರಾಣುಗಳು ಅವರ ಮೈಯಲ್ಲಿ ಉಳಿದು ಬೆಳೆಯುತ್ತವೆ. ಆ ವೈರಾಣು ಜೊತೆಯವರಿಗೆ ದಾಟಿದರೆ, ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದವರ ಮಾತ್ರೆಯೂ ನಿಷ್ಫಲವಾಗಬಹುದು. ಅಲ್ಲದೆ ಎರಡು ವೈರಾಣುಗಳು ಒಂದೇ ಕಣವನ್ನು ಹೊಕ್ಕರೆ, ಎರಡು ಪ್ರತಿಗಳ ಪಾಠಗಳನ್ನು ಬೆರೆಸಿದ ಲಿಪಿಕಾರನಂತೆ ಅವು ಬೆರೆತು ಮೂರನೆಯದೊಂದು ಹುಟ್ಟುತ್ತದೆ. ಮರುಸೋಂಕಿನ ತರುವಾಯ ರಕ್ತದಲ್ಲಿ ವೈರಾಣುವಿನ ಸಂಖ್ಯೆ ಏರಿದ್ದನ್ನೂ ಕಂಡಿರುವರು. ಇದರಲ್ಲಿ ವಿಚಿತ್ರವಾದ ಇನ್ನೊಂದು ಸಂಗತಿಯುಂಟು. ಎರಡು ಸೋಂಕುಗಳನ್ನು ಕಂಡವರ ದೇಹ ಹೆಚ್ಚು ವಿಶಾಲವಾದ ಪ್ರತಿಕಾಯಗಳನ್ನು ಹುಟ್ಟಿಸುತ್ತದೆಂದು ೨೦೧೨ರಲ್ಲಿ ಮೊಂಬಾಸಾದ ಶೋಧನೆ ತೋರಿಸಿತು. ಲಸಿಕೆಯನ್ನು ಹುಡುಕುವವರಿಗೆ ಇದು ಬೆಲೆಯುಳ್ಳ ಸುದ್ದಿ. ಆದರೆ ಆ ರೋಗಿಗಳ ಸ್ವಂತ ರೋಗ ಅದರಿಂದ ವಾಸಿಯಾಗಲಿಲ್ಲ. ಮತ್ತೆ ಅದೇ ಮಾತು: ಸಾಕ್ಷಿಗಳು ಹೆಚ್ಚಿದರು, ಕಳ್ಳನು ಸಿಕ್ಕಲಿಲ್ಲ.

ಹೊರಗಿನಿಂದ ಒಳ್ಳೆಯ ಪ್ರತಿಕಾಯವನ್ನು ತಂದುಕೊಟ್ಟರೆ ಹೇಗೆ? ಅದನ್ನೂ ಮಾಡಿ ನೋಡಿರುವರು. ವಿಶೇಷವಾಗಿ ಆರಿಸಿದ ಒಂದು ಪ್ರತಿಕಾಯವನ್ನು ಸೋಂಕಿಲ್ಲದ ಸಾವಿರಾರು ಮಂದಿಯ ರಕ್ತನಾಳಕ್ಕೆ ಕೊಟ್ಟು ನಡೆಸಿದ ಪರೀಕ್ಷೆಯ ಫಲ ೨೦೨೧ರಲ್ಲಿ ಹೊರಬಿದ್ದಿತು. ಒಟ್ಟಿನಲ್ಲಿ ಅದು ರೋಗವನ್ನು ತಡೆಯಲಿಲ್ಲ. ಆದರೆ ಆ ಕೀಲಿಗೆ ಹೊಂದುವ ಬೀಗವುಳ್ಳ ವೈರಾಣುಗಳನ್ನು ಮಾತ್ರ ಬಹುಮಟ್ಟಿಗೆ ತಡೆಯಿತು. ಅಂದರೆ ದಾರಿ ಇದೆ, ಇನ್ನೂ ದೂರವಿದೆ.

ಹಾಗಾದರೆ ಕಾವಲುಗಾರನು ಯಾರು? ಆ ತಾಯಿಯ ಮನೆಯ ಕಪಾಟಿನಲ್ಲಿರುವ ಮಾತ್ರೆಯೇ. ನಾವು ಸಮಾಧಾನಕ್ಕಾಗಿ ಆಡಿದ ಮಾತಲ್ಲ. ದಂಪತಿಗಳಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ ೧೭೬೩ ಜೋಡಿಗಳನ್ನು ಒಂಬತ್ತು ದೇಶಗಳಲ್ಲಿ ಪರೀಕ್ಷಿಸಿದರು. ನಮ್ಮ ದೇಶದ ಚೆನ್ನೈ, ಪುಣೆಗಳೂ ಅದರಲ್ಲಿ ಸೇರಿದ್ದುವು. ಮೇಲೆ ಹೇಳಿದ ಸುನೀತಿ ಸೋಲೊಮನ್ ಅವರು ೧೯೯೩ರಲ್ಲಿ ಸ್ಥಾಪಿಸಿದ ಸಂಸ್ಥೆಯೇ ಚೆನ್ನೈಯ ಕೇಂದ್ರವಾಗಿತ್ತು. ಸೋಂಕುಳ್ಳವರಿಗೆ ತಡಮಾಡದೆ ಔಷಧವನ್ನಾರಂಭಿಸಿದ ಮನೆಗಳಲ್ಲಿ ಜೊತೆಯವರಿಗೆ ರೋಗ ದಾಟುವುದು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಾಗಿ ತಗ್ಗಿತೆಂದು ೨೦೧೧ರಲ್ಲಿ ತಿಳಿಯಬಂದಿತು. ಯೂರೋಪಿನಲ್ಲಿ ನಡೆದು ೨೦೧೬ ಮತ್ತು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ, ಮಾತ್ರೆಯಿಂದ ವೈರಾಣು ಅಡಗಿಹೋಗಿದ್ದವರಿಂದ ಜೊತೆಯವರಿಗೆ ಒಂದು ಸಲವಾದರೂ ರೋಗ ದಾಟಲಿಲ್ಲ. ಪ್ರತಿಕಾಯ ಮಾಡಲಾರದುದನ್ನು ನಿತ್ಯನಿಯಮದ ಮಾತ್ರೆ ಮಾಡುತ್ತದೆ. ಅದು ಒಳಗಿನ ವೈರಾಣುವನ್ನು ಮಲಗಿಸುವುದಲ್ಲದೆ, ಹೊರಗಿನಿಂದ ಬರುವ ಎರಡನೆಯದಕ್ಕೂ, ಆ ಔಷಧಕ್ಕೆ ಬಗ್ಗುವ ಜಾತಿಯದಾದರೆ, ನೆಲೆಗೊಡುವುದಿಲ್ಲ. ಇಬ್ಬರೂ ಕ್ರಮವಾಗಿ ಮಾತ್ರೆ ಸೇವಿಸಿ ಇಬ್ಬರಲ್ಲಿಯೂ ವೈರಾಣು ಅಡಗಿದ್ದರೆ ಮರುಸೋಂಕಿನ ಭಯ ಇಲ್ಲವೆನ್ನುವಷ್ಟು ಅಲ್ಪ. ಒಬ್ಬರು ಬಿಟ್ಟ ದಿನ ಇಬ್ಬರ ಕಾವಲೂ ಬಿರುಕು ಬಿಟ್ಟಂತೆ.

ಈ ಮಾತ್ರೆ ಬಡವರ ಕೈಗೆ ಬಂದ ಬಗೆಯನ್ನೂ ಮರೆಯಬಾರದು. ನಮ್ಮ ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆಯೆಂದು ಹೆಸರಿತ್ತು. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ದೊರೆಯ ಹೆಸರದು. ಅದೇ ದೊರೆಯ ಹೆಸರನ್ನು ಹೊತ್ತ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ೨೦೦೪ರಲ್ಲಿ ಸರ್ಕಾರ ಈ ಔಷಧವನ್ನು ಧರ್ಮಾರ್ಥವಾಗಿ ಕೊಡಲಾರಂಭಿಸಿತು. ಗಣಿಯ ಕಂಪೆನಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿ ಮೂರು ವರ್ಷಗಳಾಗಿದ್ದುವು. ಕೂಲಿ ಹೋದ ಮನೆಗಳಲ್ಲಿ ಔಷಧಕ್ಕೆ ಕಾಸೆಲ್ಲಿಂದ ಬರಬೇಕು? ಈಗ ಅಷ್ಟು ದೂರ ಹೋಗಬೇಕಾಗಿಲ್ಲ. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿಯೇ ಎ.ಆರ್.ಟಿ. ಕೇಂದ್ರವುಂಟು. ೨೦೧೭ರಿಂದ ಸೋಂಕು ತಿಳಿದ ಕೂಡಲೇ, ರಕ್ತಕಣಗಳ ಸಂಖ್ಯೆ ಇಳಿಯುವವರೆಗೆ ಕಾಯದೆ, ಔಷಧ ಕೊಡುವ ನಿಯಮವಾಗಿದೆ.

ಗಣಿಯ ಜನಕ್ಕೆ ಇನ್ನೊಂದು ಎಚ್ಚರಿಕೆ ವಿಶೇಷವಾಗಿ ಸಲ್ಲುತ್ತದೆ. ನೆಲದ ಕೆಳಗೆ ಬಂಡೆ ಕೊರೆದವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಸೇರಿ ಸಿಲಿಕೋಸಿಸ್ ಆಗುವುದೂ, ಅದರ ಬೆನ್ನಿಗೆ ಕ್ಷಯ ಬರುವುದೂ ಅಲ್ಲಿಯ ಮನೆಮನೆಗೆ ಗೊತ್ತು. ಎಚ್.ಐ.ವಿ.ಯೂ ಕ್ಷಯಕ್ಕೆ ಬಾಗಿಲು ತೆರೆಯುತ್ತದೆ. ಮನೆಯಲ್ಲಿ ಹಳೆಯ ಗಣಿಕೆಲಸಗಾರರ ಕೆಮ್ಮಿದ್ದು, ಅದೇ ಮನೆಯಲ್ಲಿ ಮಾತ್ರೆಯನ್ನು ಬಿಟ್ಟ ಸೋಂಕುಳ್ಳವರೂ ಇದ್ದರೆ ಅಪಾಯ ಒಂದಕ್ಕೆ ಎರಡಾಗುತ್ತದೆ. ಎರಡು ವಾರ ಮೀರಿದ ಕೆಮ್ಮನ್ನು ಧೂಳಿನ ಕೆಮ್ಮೆಂದು ಕಡೆಗಣಿಸದೆ ಕಫವನ್ನು ಪರೀಕ್ಷೆ ಮಾಡಿಸಬೇಕು. ಸೋಂಕುಳ್ಳವರಾದರೋ ಯಾವ ಕೆಮ್ಮನ್ನಾದರೂ ಎರಡು ವಾರದವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು.

ಇನ್ನು ಆ ತಾಯಿಗೆ ನಮ್ಮ ಉತ್ತರ. ಸುಮ್ಮನಿರಬೇಡಿ. ಯಜಮಾನರೊಡನೆ ಜಗಳವನ್ನೂ ಆಡಬೇಡಿ. ಮಾತ್ರೆ ಬಿಟ್ಟುದಕ್ಕೆ ತರ್ಕವನ್ನು ಮುಂದೊಡ್ಡುವ ಗಂಡಸಿನ ಹಿಂದೆ ಬಹುಮಟ್ಟಿಗೆ ತರ್ಕಕ್ಕಿಂತ ಬೇರೆ ಏನೋ ಇರುತ್ತದೆ. ನಾಲ್ಕು ಜನರ ನಡುವೆ ರೈಲಿನಲ್ಲಿ ಡಬ್ಬಿ ತೆರೆಯುವ ಸಂಕೋಚವಿರಬಹುದು. ಆಸ್ಪತ್ರೆಗೆ ಹೋದ ದಿನದ ಕೂಲಿ ತಪ್ಪುವ ಕಷ್ಟವಿರಬಹುದು. ಜೀವನವೆಲ್ಲ ನುಂಗಬೇಕೇ ಎಂಬ ಬೇಸರವಿರಬಹುದು. ಅದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಈಗಿನ ಕ್ರಮದಲ್ಲಿ ಬಹುಮಂದಿಗೆ ದಿನಕ್ಕೆ ಒಂದೇ ಮಾತ್ರೆ. ರಾತ್ರಿ ಮನೆಗೆ ಬಂದು ಊಟವಾದ ಮೇಲೆ ಇಬ್ಬರೂ ಒಟ್ಟಿಗೆ ತೆಗೆದುಕೊಳ್ಳುವ ನಿಯಮವಿಟ್ಟುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಅನಂತರ ಇಬ್ಬರೂ ಜೊತೆಯಾಗಿ ಹೋಗಿ, ಮಾತ್ರೆ ಬಿಟ್ಟ ದಿನಗಳನ್ನು ಮುಚ್ಚಿಡದೆ ಹೇಳಿ, ವೈರಲ್ ಲೋಡ್ ಪರೀಕ್ಷೆಯನ್ನು ಮಾಡಿಸಿಕೊಳ್ಳಿ. ಆ ಕೇಂದ್ರಗಳಲ್ಲಿ ಅದಕ್ಕೆ ಹಣವಿಲ್ಲ. ಪ್ರತಿಕಾಯದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ ಪ್ರಯೋಜನವಿಲ್ಲ. ಸಾಕ್ಷಿ ಹೇಳಬೇಕಾದುದನ್ನು ಹೇಳಿಯಾಗಿದೆ. ಇಬ್ಬರಲ್ಲಿಯೂ ವೈರಾಣು ಅಡಗಿದೆಯೆಂದು ವೈದ್ಯರು ಹೇಳುವವರೆಗೆ ಕಾಂಡೋಮನ್ನು ಬಿಡಬೇಡಿ. ಒಬ್ಬರ ಮಾತ್ರೆ ಮುಗಿದಾಗ ಇನ್ನೊಬ್ಬರದನ್ನು ಹಂಚಿಕೊಳ್ಳುವುದೂ ಬೇಡ, ಇಬ್ಬರಿಗೂ ಕೊರತೆಯಾಗುತ್ತದೆ.

ನೆರೆಹೊರೆಯವರಾದ ಉಳಿದ ವಾಚಕರಿಗೂ ಒಂದು ಮಾತು. ೨೦೧೭ರಲ್ಲಿ ಪಾರ್ಲಿಮೆಂಟು ಮಾಡಿ ೨೦೧೮ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾನೂನಿನಂತೆ, ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗೆ ಗುರಿಪಡಿಸಕೂಡದು. ಸೋಂಕಿದೆಯೆಂಬ ಕಾರಣದಿಂದ ಕೆಲಸದಿಂದಲೋ ಬಾಡಿಗೆಯ ಮನೆಯಿಂದಲೋ ಶಾಲೆಯಿಂದಲೋ ಅನ್ಯಾಯವಾಗಿ ಹೊರಡಿಸಕೂಡದು. ಕಾನೂನು ಇಷ್ಟು ಮಾಡಬಲ್ಲುದು. ಪಕ್ಕದ ಮನೆಯವನು ಮಾತ್ರೆಯ ಡಬ್ಬಿಯನ್ನು ಬಚ್ಚಿಡದೆ ನುಂಗುವಂತೆ ಮಾಡುವುದು ನೆರೆಯವರ ನಡತೆಯಿಂದ ಮಾತ್ರ ಸಾಧ್ಯ. ಒಂದು ಬೀದಿಯಲ್ಲಿ ಆಡಿದ ಕೊಂಕುಮಾತು ಒಬ್ಬನ ಒಂದು ದಿನದ ಮಾತ್ರೆಯನ್ನು ತಪ್ಪಿಸಬಹುದು. ತಪ್ಪಿದ ಮಾತ್ರೆ ಇನ್ನೊಬ್ಬಳ ಪ್ರಾಣಕ್ಕೆ ಬರಬಹುದು.

ಮುಖತಃ ಕೇಳಲು ಸಂಕೋಚಪಡುವವರು ೧೦೯೭ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಣ ತೆರದೆ ತಿಳಿವಳಿಕೆ ಪಡೆಯಬಹುದು, ಹೆಸರನ್ನು ಹೇಳಬೇಕೆಂದಿಲ್ಲ. ನಮ್ಮ ಪತ್ರಲೇಖಕಿ ಯಜಮಾನರಿಗೆ ಈ ಪುಟವನ್ನು ತೋರಿಸುವುದಾದರೆ ಸಂತೋಷ. ತೋರಿಸಲು ಅಂಜಿಕೆಯಾದರೆ, ಇಂದಿನ ರಾತ್ರಿಯ ಊಟದ ತರುವಾಯ ಎರಡು ಲೋಟ ನೀರನ್ನೂ ಎರಡು ಮಾತ್ರೆಗಳನ್ನೂ ಒಟ್ಟಿಗೆ ತಂದಿಟ್ಟರೂ ಆದೀತು.